ಕೈಯಿಂದ ತಯಾರಿಸುವ ಶುಭಾಶಯ ಕಾರ್ಡು: ವಸಂತ್ ಕುಂಜ್ ಮತ್ತು ಅದರ ಸುತ್ತಮುತ್ತ

ದಪ್ಪ ಕಾಗದವನ್ನು ಮಡಿಸಿ, ಅದರ ಮುಖದ ಮೇಲೆ ಅಚ್ಚೊತ್ತಿ, ಡೈ ಎಂಬ ಚೂಪಂಚಿನ ಲೋಹದ ತಗಡಿನಿಂದ ಕತ್ತರಿಸಿದ ಆಕಾರಗಳನ್ನು ಪದರ ಪದರವಾಗಿ ಅಂಟಿಸಿ, ಬಣ್ಣ ತುಂಬಿ, ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಗೃಹಪ್ರವೇಶಕ್ಕೋ ಗೊತ್ತಾದ ಒಬ್ಬರಿಗೆಂದೇ ಮಾಡುವ ಶುಭಾಶಯ ಪತ್ರ ಇದು. ಮುದ್ರಣಾಲಯದಲ್ಲಿ ಸಾವಿರಗಟ್ಟಲೆ ಹೊರಬೀಳುವ ಕಾರ್ಡಿಗೂ ಚಿತ್ರಕಾರರು ಕುಂಚದಿಂದ ಬಿಡಿಸಿದ ಚಿತ್ರಕ್ಕೂ ನಡುವಿನ ಜಾಗ ಇದರದು. ಚಿತ್ರ ಬರೆಯಲು ಬಾರದವರಿಗೆ ಅಚ್ಚು ಗೆರೆಯನ್ನು ಕೊಡುತ್ತದೆ, ಡೈ ಆಕಾರವನ್ನು ಕೊಡುತ್ತದೆ. ಬಣ್ಣ, ಜೋಡಣೆ, ಬರೆಯುವ ಮಾತು ಮಾಡುವವರಿಗೇ ಸೇರಿದ್ದು.

ಇಂದು ಭಾರತದ ನಗರಗಳಲ್ಲಿ ಕಾಣುವ ರೂಪದಲ್ಲಿ ಈ ಹವ್ಯಾಸ ಅಮೆರಿಕ, ಇಂಗ್ಲೆಂಡ್, ಜಪಾನುಗಳ ಸಾಮಗ್ರಿಯೊಡನೆ ಬಂದದ್ದು. ಅದರ ಮೂಲ ಕೆಲಸಗಳಾದ ಅಚ್ಚೊತ್ತುವುದು, ಕಾಗದ ಕೊರೆಯುವುದು, ಪದರ ಕೂಡಿಸುವುದು, ಬೇಡದ ಕಡೆ ಬಣ್ಣ ತಾಗದಂತೆ ಮರೆಮಾಡುವುದು ಮಾತ್ರ ನಮ್ಮಲ್ಲಿ ಶತಮಾನಗಳಿಂದ ಬೇರೂರಿದವು. ದಕ್ಷಿಣ ದೆಹಲಿಯ ವಸಂತ್ ಕುಂಜ್‌ನಲ್ಲಿ ಕೂತು ನೋಡಿದರೆ ಈ ಎರಡೂ ಧಾರೆಗಳು ಒಂದೇ ಕೈಗೆಟುಕುತ್ತವೆ. ಹಾಗಾಗಿ ಈ ಲೇಖನಕ್ಕೆ ಆ ಬಡಾವಣೆಯೇ ನೆಲೆ.

ವಸಂತ್ ಕುಂಜ್

ದೆಹಲಿ ಅಭಿವೃದ್ಧಿ ಪ್ರಾಧಿಕಾರ ಅರಾವಳಿಯ ಕಲ್ಲುಬೆಟ್ಟದ ಅಂಚಿನಲ್ಲಿ, ಮಸೂದ್‌ಪುರ, ಕಿಶನ್‌ಗಢ, ಮಹಿಪಾಲ್‌ಪುರಗಳ ನಡುವೆ ಕಟ್ಟಿದ ಫ್ಲಾಟುಗಳ ಬಡಾವಣೆ ಇದು. ಎ, ಬಿ, ಸಿ, ಡಿ ಎಂಬ ಸೆಕ್ಟರುಗಳು, ಅವುಗಳೊಳಗೆ ಪಾಕೆಟ್‌ಗಳು, ಪ್ರತಿ ಸೆಕ್ಟರಿಗೂ ಒಂದು ಸಣ್ಣ ಮಾರುಕಟ್ಟೆ. ನೆಲ್ಸನ್ ಮಂಡೇಲಾ ಮಾರ್ಗದ ದೊಡ್ಡ ಮಾಲುಗಳು ಆಮೇಲೆ ಬಂದವು. ಸರ್ಕಾರಿ ನೌಕರರು, ಸೇನೆಯಿಂದ ನಿವೃತ್ತರಾದವರು, ವಿಶ್ವವಿದ್ಯಾಲಯದವರು, ವಿಮಾನ ಕಂಪನಿಗಳ ಸಿಬ್ಬಂದಿ ಇಲ್ಲಿ ನೆಲೆಸಿದ್ದಾರೆ. ಕನ್ನಡದ ಮನೆಗಳೂ ಇವೆ. ಅವರ ಸಭೆ ಸಮಾರಂಭಗಳ ಕೇಂದ್ರವಾದ ದೆಹಲಿ ಕರ್ನಾಟಕ ಸಂಘ ಹತ್ತಿರದ ರಾಮಕೃಷ್ಣಪುರದಲ್ಲಿ, ರಾವ್ ತುಲಾ ರಾಮ್ ಮಾರ್ಗದಲ್ಲಿದೆ.

ಕಾರ್ಡು ಮಾಡುವವರ ದೃಷ್ಟಿಯಿಂದ ಈ ಜಾಗಕ್ಕೆ ಎರಡು ಅನುಕೂಲಗಳಿವೆ. ಬಡಾವಣೆಯಿಂದ ಛತರ್‌ಪುರದ ಕಡೆ ಹೊರಟರೆ ಅಂಧೇರಿಯಾ ಮೋಡ್ ಬಳಿಯ ಕಿಸಾನ್ ಹಾಟ್ ಸಿಗುತ್ತದೆ. 1981ರಲ್ಲಿ ಲೈಲಾ ತ್ಯಾಬ್‌ಜಿ ಮತ್ತು ಗೆಳತಿಯರು ಆರಂಭಿಸಿದ ದಸ್ತಕಾರ್ ಸಂಸ್ಥೆಯ ನೇಚರ್ ಬಜಾರ್ ನಡೆಯುವುದು ಅಲ್ಲೇ. ದೇಶದ ಬೇರೆ ಬೇರೆ ಭಾಗಗಳ ಕುಶಲಕರ್ಮಿಗಳು ತಮ್ಮ ಸರಕನ್ನು ತಾವೇ ತಂದು ಅಲ್ಲಿ ಮಾರುತ್ತಾರೆ. ಅಚ್ಚು ಕೆತ್ತಿದವರನ್ನೋ ಕಾಗದ ಕೊರೆದವರನ್ನೋ ಮಾತನಾಡಿಸಿ ಕಲಿಯಬಹುದಾದ ಜಾಗ ಅದು. ಇನ್ನೊಂದು, ಮೆಟ್ರೋ ಹಿಡಿದರೆ ಒಂದು ಗಂಟೆಯ ಆಸುಪಾಸಿನಲ್ಲಿ ಹಳೆ ದೆಹಲಿಯ ಚಾವಡಿ ಬಜಾರ್. ಉತ್ತರ ಭಾರತದ ಕಾಗದ ವ್ಯಾಪಾರಕ್ಕೂ ಮದುವೆಯ ಕರೆಯೋಲೆಗಳಿಗೂ ಅದೇ ದೊಡ್ಡ ಪೇಟೆ.

ಬಿ ಸೆಕ್ಟರಿನಲ್ಲಿ ಮುಸ್ಕಾನ್ ಎಂಬ ಸಂಸ್ಥೆ ಇದೆ. ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳ ತಂದೆತಾಯಂದಿರು ಸೇರಿ ಕಟ್ಟಿದ ಈ ಸಂಸ್ಥೆ ಪ್ರಾಯಕ್ಕೆ ಬಂದವರಿಗೆ ಕೈಕೆಲಸಗಳ ತರಬೇತಿ ಕೊಟ್ಟು, ಅವರು ಮಾಡಿದ್ದನ್ನು ಮಾರಾಟಕ್ಕಿಡುತ್ತದೆ. ಅಚ್ಚೊತ್ತುವ ಕೆಲಸ, ಕಾಗದ ಮಡಿಸುವ ಕೆಲಸ ಇಂಥ ತರಬೇತಿಗೆ ಹೇಳಿ ಮಾಡಿಸಿದಂತಿವೆ. ಪ್ರತಿ ಹಂತವೂ ಚಿಕ್ಕದು, ಹಂತ ಮುಗಿದ ಕೂಡಲೇ ಫಲ ಕಣ್ಣೆದುರಿಗೆ ಬರುತ್ತದೆ, ಒಂದು ಕಾರ್ಡು ಕೆಟ್ಟರೆ ನಷ್ಟ ಒಂದು ಹಾಳೆಯದು. ಶಾಲೆಗಳಲ್ಲಿ ಸೆಪ್ಟೆಂಬರ್ 5ರ ಶಿಕ್ಷಕರ ದಿನಕ್ಕೆ ಮಕ್ಕಳು ಮಾಡುವ ಕಾರ್ಡುಗಳಲ್ಲೂ ಇದೇ ಗುಣ ಕಾಣುತ್ತದೆ. ದೆಹಲಿಯ ಬಹಳಷ್ಟು ಮಕ್ಕಳು ಮೊದಲ ಕಾರ್ಡು ಮಾಡುವುದು ಆ ದಿನಕ್ಕಾಗಿ.

ಹಿನ್ನೆಲೆ

ಅಚ್ಚಾದ ಶುಭಾಶಯ ಕಾರ್ಡಿನ ಚರಿತ್ರೆಯನ್ನು ಸಾಮಾನ್ಯವಾಗಿ 1843ರ ಲಂಡನ್ನಿನಿಂದ ಹಿಡಿಯುತ್ತಾರೆ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಬಂದು ಕಾಗದ ಕಳಿಸುವುದು ಅಗ್ಗವಾಗಿತ್ತು. ಹೆನ್ರಿ ಕೋಲ್ ಎಂಬ ಅಧಿಕಾರಿ ಕ್ರಿಸ್ಮಸ್‌ಗೆ ಎಲ್ಲರಿಗೂ ಕೈಯಾರೆ ಬರೆಯಲು ಪುರುಸೊತ್ತಿಲ್ಲದೆ, ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಎಂಬ ಕಲಾವಿದನಿಂದ ಚಿತ್ರ ಬರೆಸಿ ಅಚ್ಚು ಹಾಕಿಸಿದ. ಮಿಕ್ಕವು ಒಂದು ಶಿಲ್ಲಿಂಗಿಗೆ ಒಂದರಂತೆ ಮಾರಾಟವಾದವು. ಗೆರೆಗಳು ಕಲ್ಲಚ್ಚಿನವು, ಬಣ್ಣ ಮಾತ್ರ ಕೈಯಿಂದ ತುಂಬಿದ್ದು. ಅಚ್ಚಿನ ಗೆರೆಯೊಳಗೆ ಕೈಬಣ್ಣ ತುಂಬುವ ಇಂದಿನ ಹವ್ಯಾಸದ ಸೂತ್ರ ಆ ಮೊದಲ ಕಾರ್ಡಿನಲ್ಲೇ ಇದೆ.

ಅಮೆರಿಕದಲ್ಲಿ ಇದೇ ಕಾಲಕ್ಕೆ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನ ಎಸ್ತರ್ ಹೌಲಂಡ್ ಎಂಬ ಯುವತಿ ಇಂಗ್ಲೆಂಡಿನಿಂದ ಬಂದ ಕಸೂತಿಯಂಥ ಕಾಗದ, ಬಣ್ಣದ ಹಾಳೆ, ಕತ್ತರಿಸಿದ ಚಿತ್ರಗಳನ್ನು ಪದರವಾಗಿ ಜೋಡಿಸಿ ಪ್ರೇಮಪತ್ರದ ಕಾರ್ಡುಗಳನ್ನು ಮಾಡತೊಡಗಿದಳು. ಬೇಡಿಕೆ ಏರಿದಾಗ ಊರಿನ ಹೆಂಗಸರನ್ನು ಕೂಡಿಸಿ, ಒಬ್ಬರು ಕತ್ತರಿಸಿ, ಒಬ್ಬರು ಅಂಟಿಸಿ, ಒಬ್ಬರು ಅಂಚು ಕಟ್ಟುವಂತೆ ಕೆಲಸ ಹಂಚಿದಳು. ಪದರದ ಕೆಳಗೆ ಬಣ್ಣದ ಹಾಳೆ ಇಟ್ಟು ಮೇಲಿನ ಕೊರೆತವನ್ನು ಎದ್ದುಕಾಣಿಸುವ ಅವಳ ಉಪಾಯವನ್ನು ಡೈ ಬಳಸುವವರು ಈಗಲೂ ದಿನಾ ಮಾಡುತ್ತಾರೆ. ಇನ್ನು ಅಚ್ಚಿನ ಕತೆ. ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ 1844ರಲ್ಲಿ ಪೇಟೆಂಟ್ ಪಡೆದ ಮೇಲೆ, 1860ರ ದಶಕದಲ್ಲಿ ರಬ್ಬರ್ ಮೊಹರು ಹುಟ್ಟಿತು. ಅದು ನೂರು ವರ್ಷ ಕಚೇರಿಯಲ್ಲಿ ಕೂತಿತ್ತು. 20ನೇ ಶತಮಾನದ ಕೊನೆಯ ದಶಕಗಳಲ್ಲಿ ಹವ್ಯಾಸಿಗಳ ಕೈಗೆ ಬಂದಿತು. ಅಮೆರಿಕದಲ್ಲಿ 1988ರಲ್ಲಿ ಆರಂಭವಾದ ಸ್ಟ್ಯಾಂಪಿನ್ ಅಪ್ ಎಂಬ ಅಚ್ಚಿನ ಕಂಪನಿ, 1987ರಲ್ಲಿ ಜಪಾನಿನ ಟೂ ಕಾರ್ಪೊರೇಷನ್ ತಂದ ಕಾಪಿಕ್ ಮಾರ್ಕರು, 2001ರಲ್ಲಿ ಎಲಿಸನ್ ಕಂಪನಿ ಮನೆಬಳಕೆಗೆಂದು ತಂದ ಸಿಝಿಕ್ಸ್ ಎಂಬ ಕೈತಿರುಗಣೆಯ ಡೈ ಯಂತ್ರ, ಈ ಮೂರೂ ಸೇರಿ ಹವ್ಯಾಸಕ್ಕೆ ಇಂದಿನ ಮೈಕಟ್ಟು ಕೊಟ್ಟವು.

ಭಾರತದಲ್ಲಿ ಶುಭಾಶಯ ಕಾರ್ಡಿನ ಸುಗ್ಗಿಗೆ ದೆಹಲಿಯೇ ಕೇಂದ್ರವಾಗಿತ್ತು. 1979ರಲ್ಲಿ ಅನಿಲ್ ಮೂಲ್‌ಚಂದಾನಿ ಇಲ್ಲಿ ಆರ್ಚೀಸ್ ಎಂಬ ಕಾರ್ಡು ಕಂಪನಿ ಆರಂಭಿಸಿದರು. ಅದೇ ವರ್ಷ ಮುಂಬಯಿಯಲ್ಲಿ ರಿಪ್ಪನ್ ಕಪೂರ್ ಕಟ್ಟಿದ ಕ್ರೈ ಸಂಸ್ಥೆ ಮಕ್ಕಳ ಹಕ್ಕಿನ ಕೆಲಸಕ್ಕೆ ಕಾರ್ಡು ಮಾರಿ ಹಣ ಕೂಡಿಸಿತು. ಹೀಗೆ ಮಕ್ಕಳಿಗಾಗಿ ಕಾರ್ಡು ಮಾರುವುದಕ್ಕೆ ಹಳೆಯ ಉದಾಹರಣೆ 1949ರ ಯುನಿಸೆಫ್ ಕಾರ್ಡು. ಯುದ್ಧಾನಂತರ ತನ್ನ ಊರಿಗೆ ನೆರವು ಬಂದುದಕ್ಕೆ ಕೃತಜ್ಞತೆಯಾಗಿ ಚೆಕೊಸ್ಲೊವಾಕಿಯದ ಏಳು ವರ್ಷದ ಜಿಟ್ಕಾ ಸಾಮ್ಕೋವಾ ಬರೆದ ಚಿತ್ರ ಅದರ ಮೇಲಿತ್ತು. ಕರ್ನಾಟಕದಲ್ಲಿ 1980–90ರ ದಶಕಗಳಲ್ಲಿ ಸಂಕ್ರಾಂತಿ ಶುಭಾಶಯದ ಸಣ್ಣ ಕಾರ್ಡುಗಳು ಬೀದಿ ಅಂಗಡಿಗಳಲ್ಲಿ ತೂಗಾಡುತ್ತಿದ್ದವು. ಸಿನಿಮಾ ನಟರು, ದೇವರು, ಹೂಗಳ ಚಿತ್ರವಿದ್ದ ಅವನ್ನು ಶಾಲೆಯ ಮಕ್ಕಳು ಎಳ್ಳುಬೆಲ್ಲದ ಜೊತೆ ಹಂಚಿಕೊಳ್ಳುತ್ತಿದ್ದರು, ದೂರದ ನೆಂಟರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಮೊಬೈಲ್ ಸಂದೇಶ ಬಂದ ಮೇಲೆ ಅಚ್ಚಿನ ಕಾರ್ಡಿನ ಪೇಟೆ ಕುಗ್ಗಿತು. ಕೈಯಿಂದ ಮಾಡುವ ಕಾರ್ಡು ಬೆಳೆದದ್ದು ಈ ಕುಗ್ಗಿದ ಕಾಲದಲ್ಲೇ. ಅಗ್ಗದ ಕೆಲಸವನ್ನು ಫೋನು ವಹಿಸಿಕೊಂಡಿತು, ಮನಸ್ಸಿಟ್ಟು ಮಾಡುವ ಕೆಲಸ ಕಾಗದಕ್ಕೆ ಉಳಿಯಿತು. ಅಕ್ಟೋಬರ್ ತಿಂಗಳ ಮೊದಲ ಶನಿವಾರವನ್ನು ಈಗ ಹವ್ಯಾಸಿಗಳು ವಿಶ್ವ ಕಾರ್ಡು ತಯಾರಿಕೆ ದಿನವಾಗಿ ಆಚರಿಸುತ್ತಾರೆ.

ಕಾಗದ

ಕಾರ್ಡಿನ ಮೈಗೆ ಚದರ ಮೀಟರಿಗೆ 250ರಿಂದ 300 ಗ್ರಾಂ ತೂಗುವ ಹಾಳೆ ಬೇಕು. ಅಂಗಡಿಯಲ್ಲಿ ಇದನ್ನು 250 ಜಿಎಸ್‌ಎಂ, 300 ಜಿಎಸ್‌ಎಂ ಎಂದು ಕೇಳಬೇಕು. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಮಡಿಸಿದರೆ ಎ6 ಅಳತೆಯ, ಅಂದರೆ 105×148 ಮಿ.ಮೀ. ಕಾರ್ಡು ಆಗುತ್ತದೆ. ಒಂದು ಹಾಳೆಗೆ ಎರಡು ಕಾರ್ಡು, ಚೂರು ಉಳಿಯುವುದಿಲ್ಲ. ಅಮೆರಿಕದ ಡೈಗಳು ಹೆಚ್ಚಾಗಿ ನಾಲ್ಕೂಕಾಲು ಅಂಗುಲ ಅಗಲ, ಐದೂವರೆ ಅಂಗುಲ ಉದ್ದದ ಕಾರ್ಡಿಗೆ ಹೊಂದುವಂತಿರುತ್ತವೆ. ಅವನ್ನು ಎ6 ಮೇಲೆ ಇಟ್ಟರೆ ಅಂಚು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗುವುದುಂಟು. ಕೊಳ್ಳುವ ಮೊದಲೇ ಅಳತೆ ನೋಡಿಕೊಳ್ಳಬೇಕಾದದ್ದು ಇದೇ ಕಾರಣಕ್ಕೆ. ಮಡಿಕೆಯನ್ನು ಕಾಗದದ ನಾರು ಹರಿದ ದಿಕ್ಕಿನಲ್ಲೇ, ಮೊದಲು ಮೊಂಡು ತುದಿಯಿಂದ ಗೀರಿ ಮಾಡಬೇಕು. ಇಲ್ಲವಾದರೆ ಮಡಿಕೆಯ ಮೇಲ್ಮೈ ಒಡೆದು ಬಿಳಿ ನಾರು ಕಾಣುತ್ತದೆ.

ಇಲ್ಲಿ ನಮ್ಮ ನೆಲದ ಕಾಗದಗಳ ಮಾತು ಬರಬೇಕು. ಜೈಪುರದ ಪಕ್ಕದ ಸಾಂಗಾನೇರ್‌ನ ಕಾಗಜಿ ಮನೆತನಗಳು ಹತ್ತಿ ಬಟ್ಟೆಯ ಚೂರನ್ನು ಅರೆದು ಹಾಳೆ ಎತ್ತುವ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿವೆ. 1934ರಲ್ಲಿ ವಾರ್ಧಾದಲ್ಲಿ ಆರಂಭವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಮೂಲಕ ಜೆ.ಸಿ. ಕುಮಾರಪ್ಪನವರು ಕೈಕಾಗದಕ್ಕೆ ಮರುಜೀವ ಕೊಟ್ಟರು. ಸಾಂಗಾನೇರ್‌ನ ಕೈಕಾಗದ ಸಂಸ್ಥೆಗೆ ಅವರದೇ ಹೆಸರಿದೆ. ಕರ್ನಾಟಕದಲ್ಲಿ ಹುಬ್ಬಳ್ಳಿ ಬಳಿಯ ತಾರಿಹಾಳದ ಕೈಕಾಗದ ಕಾರ್ಖಾನೆಯಲ್ಲಿ ಬನಿಯನ್ ಬಟ್ಟೆಯ ತುಂಡುಗಳಿಂದ ತಯಾರಾಗುವ ಖಾದಿ ಹಾಳೆ ಇಂಗ್ಲೆಂಡಿನ ಜಲವರ್ಣ ಕಲಾವಿದರ ಮೇಜಿಗೂ ತಲುಪಿದೆ. ದೆಹಲಿಯ ಹವ್ಯಾಸಿಗಳು ಆಮದಿನ ಜಲವರ್ಣ ಕಾಗದಕ್ಕೆ ದುಬಾರಿ ಬೆಲೆ ತೆರುವಾಗ, ಉದ್ದ ನಾರಿನ ಈ ಗಟ್ಟಿ ಹಾಳೆಯನ್ನು ಮರೆಯಬಾರದು. ಒದ್ದೆಯಾದರೂ ಅದು ಬೇಗ ಹರಿಯುವುದಿಲ್ಲ, ಹರಿದ ಅಂಚೇ ಅಲಂಕಾರವಾಗುತ್ತದೆ. ಅದಕ್ಕೂ ಒಂದು ಮಿತಿ ಇದೆ. ಮೇಲ್ಮೈ ಒರಟು, ಹಾಗಾಗಿ ಸಣ್ಣ ಗೆರೆಯ ಅಚ್ಚು ಅದರ ಮೇಲೆ ತುಂಡು ತುಂಡಾಗಿ ಬೀಳುತ್ತದೆ. ಸೂಕ್ಷ್ಮ ಅಚ್ಚಿಗೆ ನಯವಾದ ಹಾಳೆ, ಬಣ್ಣ ಹರಿಸುವುದಕ್ಕೂ ಹಿನ್ನೆಲೆಗೂ ಕೈಕಾಗದ ಎಂದು ಕೆಲಸ ಹಂಚಿದರೆ ಎರಡೂ ಚೆನ್ನಾಗಿ ಬರುತ್ತವೆ.

ಮೊಗಲ್ ಮತ್ತು ರಜಪೂತ ಚಿತ್ರಕಾರರು ತೆಳು ಹಾಳೆಗಳನ್ನು ಗೋಂದಿನಲ್ಲಿ ಒಂದರ ಮೇಲೊಂದು ಅಂಟಿಸಿ, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದ ವಸ್ಲಿ ಹಾಳೆ ದೆಹಲಿ, ಜೈಪುರಗಳಲ್ಲಿ ಈಗಲೂ ಸಿಗುತ್ತದೆ. ಬಣ್ಣದ ಪೆನ್ಸಿಲಿನ ನವಿರು ಕೆಲಸಕ್ಕೂ ಅದು ಒದಗುತ್ತದೆ.

ಅಚ್ಚು ಮತ್ತು ಶಾಯಿ

ಹವ್ಯಾಸಿಗಳ ಅಚ್ಚುಗಳಲ್ಲಿ ಮೂರು ಬಗೆ. ಕೆಂಪು ರಬ್ಬರಿನವು ಗೆರೆಯನ್ನು ಚೊಕ್ಕವಾಗಿ ಕೊಡುತ್ತವೆ, ಬಹುಕಾಲ ಬಾಳುತ್ತವೆ. ಬೆಳಕಿಗೆ ಗಟ್ಟಿಯಾಗುವ ಪಾಲಿಮರಿನ ಪಾರದರ್ಶಕ ಅಚ್ಚುಗಳು ಅಕ್ರಿಲಿಕ್ ತುಂಡಿಗೆ ತಾವೇ ಅಂಟಿಕೊಳ್ಳುತ್ತವೆ. ಎಲ್ಲಿ ಬೀಳುತ್ತದೆಂದು ಆರಪಾರ ನೋಡಿ ಒತ್ತಬಹುದು, ಕಲಿಯುವವರಿಗೆ ಇವೇ ಸುಲಭ. ಮೂರನೆಯದು ಮರದ ಅಚ್ಚು. ಗುಜರಾತಿನ ಪೇಥಾಪುರದಲ್ಲಿ ಕೆತ್ತುವ, ಸಾಂಗಾನೇರ್, ಬಗ್ರುಗಳ ಬಟ್ಟೆ ಮುದ್ರಕರು ಬಳಸುವ ಈ ಅಚ್ಚುಗಳು ದಿಲ್ಲಿ ಹಾಟ್ ಎಂಬ ಕರಕುಶಲ ಪೇಟೆಯಲ್ಲೂ ನೇಚರ್ ಬಜಾರಿನಲ್ಲೂ ಸಿಗುತ್ತವೆ. ಬಳ್ಳಿ, ಮಾವಿನಕಾಯಿ, ಸಣ್ಣ ಹೂವಿನ ಚಿತ್ತಾರ ಮುಂತಾದವು ಕಾಗದದ ಮೇಲೂ ಚೆಂದ. ಬಟ್ಟೆಗೆ ಒತ್ತುವ ರೀತಿ ಕಾಗದಕ್ಕೆ ಸಾಲದು. ಹಾಳೆಯ ಕೆಳಗೆ ತೆಳು ಸ್ಪಂಜಿನ ಹಾಸು ಇಟ್ಟು, ಅಚ್ಚನ್ನು ಅಲ್ಲಾಡಿಸದೆ ಮೈಯೆಲ್ಲ ಒಂದೇ ಸಮ ಒತ್ತಬೇಕು.

ಒಂದೇ ಜಾಗಕ್ಕೆ ಎರಡನೆಯ ಸಲ ಒತ್ತಿದರೆ ಗೆರೆ ಜೋಡಿಯಾಗುವುದು ಹಿಂದೆ ದೊಡ್ಡ ತೊಂದರೆಯಾಗಿತ್ತು. ಕಾಗದವನ್ನು ಅಯಸ್ಕಾಂತದಿಂದ ಹಿಡಿದಿಟ್ಟು, ಕೀಲುಬಾಗಿಲಿನಂಥ ಮುಚ್ಚಳಕ್ಕೆ ಅಚ್ಚು ಅಂಟಿಸುವ ಸ್ಟ್ಯಾಂಪಿಂಗ್ ಚೌಕಟ್ಟುಗಳು ಬಂದ ಮೇಲೆ ಎಷ್ಟು ಸಲ ಒತ್ತಿದರೂ ಅಚ್ಚು ಅಲ್ಲೇ ಬೀಳುತ್ತದೆ. ತೆಳು ಬಣ್ಣದ ಮೇಲೆ ಗಾಢ ಬಣ್ಣ, ಅದರ ಮೇಲೆ ಇನ್ನೊಂದು ಎಂದು ಮೂರು ನಾಲ್ಕು ಅಚ್ಚುಗಳಿಂದ ಒಂದೇ ಹೂವನ್ನು ಕಟ್ಟುವ ಪದರದಚ್ಚು ಈ ಚೌಕಟ್ಟಿನಿಂದ ಸಲೀಸಾಯಿತು.

ಶಾಯಿಯ ಆಯ್ಕೆ ತಪ್ಪಿದರೆ ಮುಂದಿನ ಕೆಲಸವೆಲ್ಲ ಕೆಡುತ್ತದೆ. ವಿಷಯ ಇಷ್ಟೇ: ಯಾವ ಬಣ್ಣದಿಂದ ತುಂಬುತ್ತೇವೋ ಅದರ ದ್ರಾವಕದಲ್ಲಿ ಗೆರೆಯ ಶಾಯಿ ಕರಗಬಾರದು. ಆಲ್ಕೋಹಾಲ್ ಮಾರ್ಕರಿನಿಂದ ತುಂಬುವುದಾದರೆ ಗೆರೆಗೆ ಆಲ್ಕೋಹಾಲಿಗೆ ಜಗ್ಗದ ನೀರುಶಾಯಿ ಬೇಕು. ಜಪಾನಿನ ಸುಕಿನೆಕೊ ಕಂಪನಿಯ ಮೆಮೆಂಟೊ ಇದಕ್ಕೆ ಹೆಸರಾದದ್ದು. ಜಲವರ್ಣ ತುಂಬುವುದಾದರೆ ನೀರು ತಾಗಿದರೂ ಕದಡದ ಶಾಯಿ ಬೇಕು. ಅದೇ ಕಂಪನಿಯ ಸ್ಟೇಜಾನ್ ನೀರಿಗೆ ಬಗ್ಗುವುದಿಲ್ಲ, ಆದರೆ ಆಲ್ಕೋಹಾಲ್ ಮಾರ್ಕರ್ ತಾಗಿದರೆ ಹರಡಿ ಕಪ್ಪಾಗುತ್ತದೆ. ಕಚೇರಿಯ ಮಾಮೂಲಿ ಸ್ಟ್ಯಾಂಪ್ ಪ್ಯಾಡಿನ ನೇರಳೆ ಶಾಯಿ ಬಣ್ಣ ತುಂಬುವ ಕೆಲಸಕ್ಕೆ ನಂಬುವಂಥದ್ದಲ್ಲ.

ಉಬ್ಬಚ್ಚು ಎಲ್ಲರ ಮೆಚ್ಚಿನದು. ನಿಧಾನವಾಗಿ ಒಣಗುವ ಅಂಟು ಶಾಯಿಯಲ್ಲಿ ಅಚ್ಚೊತ್ತಿ, ಮೇಲೆ ಸಣ್ಣ ಪುಡಿ ಉದುರಿಸಿ, ಹೆಚ್ಚಿನದನ್ನು ಡಬ್ಬಿಗೇ ಕೊಡವಿ, ಹೀಟ್ ಗನ್ನಿನ ಬಿಸಿಗಾಳಿ ಹಾಯಿಸಿದರೆ ಪುಡಿ ಕರಗಿ ಗೆರೆ ಉಬ್ಬಿ ಹೊಳೆಯುತ್ತದೆ. ಕೂದಲು ಒಣಗಿಸುವ ಯಂತ್ರದಿಂದ ಇದಾಗದು. ಅದರ ಕಾವು ಕಡಿಮೆ, ಗಾಳಿಯ ರಭಸ ಹೆಚ್ಚು, ಪುಡಿ ಹಾರಿಹೋಗುತ್ತದೆ. ದೆಹಲಿಯ ಚಳಿಗಾಲದ ಒಣಹವೆಯಲ್ಲಿ ಹಾಳೆ ಸ್ಥಿರವಿದ್ಯುತ್ತಿನಿಂದ ಪುಡಿಯನ್ನು ಬೇಡದ ಕಡೆಯೂ ಹಿಡಿದುಕೊಳ್ಳುತ್ತದೆ. ಅಚ್ಚೊತ್ತುವ ಮೊದಲು ಟಾಲ್ಕಂ ಪೌಡರ್ ಕಟ್ಟಿದ ಬಟ್ಟೆಯ ಗಂಟನ್ನು ಹಾಳೆಯ ಮೇಲೆ ಹಗುರವಾಗಿ ಆಡಿಸಿದರೆ ಇದು ತಪ್ಪುತ್ತದೆ. ಮಳೆಗಾಲದಲ್ಲಿ ತೊಂದರೆ ಬೇರೆ. ಹಾಳೆ ತೇವ ಹೀರಿ ಸೊಟ್ಟಗಾಗುತ್ತದೆ, ಕಾಯಿಸಿದಾಗ ಇನ್ನಷ್ಟು ಸುರುಳಿಯಾಗುತ್ತದೆ. ಅಚ್ಚೊತ್ತುವ ಮುನ್ನ ಹಾಳೆಯನ್ನು ಭಾರದ ಪುಸ್ತಕದಡಿ ಇಟ್ಟು ತೆಗೆದರೆ ಒಳ್ಳೆಯದು.

ಡೈ

ಮನೆಯಲ್ಲಿ ಬಳಸುವ ಡೈ ಎಂದರೆ ತೆಳು ಉಕ್ಕಿನ ತಗಡನ್ನು ರಾಸಾಯನಿಕದಲ್ಲಿ ಕೊರೆದು, ಆಕಾರದ ಅಂಚನ್ನು ಮಾತ್ರ ಚೂಪಾಗಿ ಎತ್ತರಿಸಿ ಉಳಿಸಿದ್ದು. ತಳದ ಹಲಗೆ, ಕತ್ತರಿಸುವ ಪ್ಲಾಸ್ಟಿಕ್ ಫಲಕ, ಕಾಗದ, ಅದರ ಮೇಲೆ ಬಾಯಿ ಕೆಳಗಾಗಿ ಡೈ, ಮತ್ತೊಂದು ಫಲಕ, ಹೀಗೆ ಪೇರಿಸಿ ಎರಡು ಉರುಳೆಗಳ ನಡುವೆ ತೂರಿಸಿ ಹಿಡಿಕೆ ತಿರುಗಿಸಿದರೆ ಆಕಾರ ಕತ್ತರಿಸಿ ಬರುತ್ತದೆ. ವಿದ್ಯುತ್ತು ಬೇಡ. ಯಂತ್ರದ ಅಗಲಕ್ಕೆ ಎ5 ಸಾಕಾಗುತ್ತದೆ, ಎ4 ಅಗಲದ್ದು ಭಾರಿ. ಕತ್ತರಿಕೆ ಪೂರ್ತಿ ಆಗದಿದ್ದರೆ ನಡುವೆ ಒಂದು ತೆಳು ಹಾಳೆ ಸೇರಿಸಬೇಕೇ ಹೊರತು ಜೋರು ಮಾಡಿ ತಿರುಗಿಸಬಾರದು. ಉರುಳೆ ಬಾಗಿದರೆ ಯಂತ್ರ ಹೋಯಿತು. ಚಿತ್ರವನ್ನು ಕಂಪ್ಯೂಟರಿನಿಂದ ಪಡೆದು ಬ್ಲೇಡಿನಿಂದ ಕತ್ತರಿಸುವ ಕ್ರಿಕಟ್ ಮುಂತಾದ ಯಂತ್ರಗಳೂ ಈಗ ಬಳಕೆಯಲ್ಲಿವೆ. ಡೈ ಕೊಳ್ಳುವುದು ತಪ್ಪುತ್ತದೆ, ಕಲಿಯುವುದು ಹೆಚ್ಚುತ್ತದೆ.

ಚಾವಡಿ ಬಜಾರಿನ ಮದುವೆ ಕಾರ್ಡಿನವರ ಡೈ ಇದಕ್ಕಿಂತ ಹಳೆಯ ಬಗೆಯದು. ಉಕ್ಕಿನ ಪಟ್ಟಿಯನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ ಪ್ಲೈವುಡ್‌ನ ಸೀಳಿನಲ್ಲಿ ಕೂಡಿಸುತ್ತಾರೆ. ಚೂಪು ಪಟ್ಟಿ ಕತ್ತರಿಸುತ್ತದೆ, ಮೊಂಡು ಪಟ್ಟಿ ಮಡಿಕೆಯ ಗೆರೆ ಮೂಡಿಸುತ್ತದೆ. ಜಾಲಿಯಂಥ ನವಿರು ಕೊರೆತಕ್ಕೆ ಈಗ ಲೇಸರ್ ಇದೆ. ನೂರು ಕಾರ್ಡಿನಷ್ಟು ಬೇಡಿಕೆಯಿರುವ ಹವ್ಯಾಸಿಗಳು ಆಮದಿನ ಡೈ ಹುಡುಕುವ ಬದಲು ಅಲ್ಲಿ ತಮ್ಮದೇ ಆಕಾರದ ಡೈ ಮಾಡಿಸುವುದು ಜಾಣತನ.

ಯಂತ್ರವೇ ಇಲ್ಲದ ಡೈ ದೆಹಲಿಗೆ ಹತ್ತಿರದಲ್ಲೇ ಇದೆ. ಮಥುರಾ, ವೃಂದಾವನಗಳ ಸಾಂಝಿ ಕಲೆಯಲ್ಲಿ ಸಣ್ಣ ಕತ್ತರಿಯಿಂದ ಕಾಗದದಲ್ಲಿ ಕದಂಬದ ಮರ, ಹಸು, ನವಿಲು, ಕೃಷ್ಣನ ಲೀಲೆಗಳನ್ನು ಕೊರೆಯುತ್ತಾರೆ. ಪಿತೃಪಕ್ಷದಲ್ಲಿ ಬ್ರಜದ ದೇವಾಲಯಗಳ ನೆಲದ ಮೇಲೆ ಈ ಕೊರೆದ ಹಾಳೆಗಳನ್ನಿಟ್ಟು ಬಣ್ಣದ ಪುಡಿ ಜರಡಿ ಹಿಡಿದು ರಂಗವಲ್ಲಿ ಮೂಡಿಸುತ್ತಾರೆ. ಕೊರೆದ ಹಾಳೆಯ ಕೆಳಗೆ ಬಣ್ಣದ ಕಾಗದವಿಟ್ಟು ಕಾರ್ಡಿಗೆ ಅಂಟಿಸಿದರೆ ಯಾವ ಕಾರ್ಖಾನೆಯ ಡೈಯೂ ಅದರ ಮುಂದೆ ನಿಲ್ಲದು. ಕೊರೆಯುವಾಗ ಬಿಡಿ ತುಂಡು ಉದುರದಂತೆ ಎಲ್ಲೆಲ್ಲಿ ಸೇತುವೆ ಬಿಡಬೇಕೆಂಬ ಲೆಕ್ಕವನ್ನು ಸಾಂಝಿ ಕಲಾವಿದರಿಂದ ಕಲಿತವರು ತಾವೇ ಡೈ ವಿನ್ಯಾಸ ಮಾಡಬಲ್ಲರು.

ಬಣ್ಣ

ಕಾರ್ಡು ಜೀವ ತಳೆಯುವುದು ಇಲ್ಲಿ. ಮೊದಲು ಬೆಳಕು ಯಾವ ಕಡೆಯಿಂದ ಬೀಳುತ್ತದೆಂದು ಗೊತ್ತುಮಾಡಿಕೊಳ್ಳಬೇಕು. ಸಣ್ಣದೊಂದು ಬಾಣದ ಗುರುತನ್ನು ಹಾಳೆಯ ಮೂಲೆಯಲ್ಲಿ ಸೀಸದ ಕಡ್ಡಿಯಿಂದ ಹಾಕಿಕೊಂಡರೂ ತಪ್ಪಿಲ್ಲ. ಬೆಳಕಿನ ಕಡೆ ತಿಳಿ, ಎದುರು ಕಡೆ ಗಾಢ. ಈ ಒಂದು ನಿಯಮ ಪಾಲಿಸಿದರೆ ಚಪ್ಪಟೆ ಅಚ್ಚಿಗೆ ಮೈ ಬರುತ್ತದೆ.

ಆಲ್ಕೋಹಾಲ್ ಮಾರ್ಕರ್ ಬಣ್ಣಗಾರಿಕೆಯಲ್ಲಿ ಒಂದೇ ಬಣ್ಣದ ಮೂರು ಛಾಯೆಗಳು ಬೇಕು. ತಿಳಿಯದನ್ನು ಮೈಯೆಲ್ಲ ಹಾಸಿ, ಒದ್ದೆ ಇರುವಾಗಲೇ ನಡುವಿನದನ್ನು ನೆರಳಿನ ಕಡೆ, ಗಾಢವನ್ನು ಮೂಲೆಯಲ್ಲಿ ಮಾತ್ರ ಇಟ್ಟು, ಹಿಂದಿರುಗಿ ನಡುವಿನದರಿಂದ, ತಿಳಿಯದರಿಂದ ಎಲ್ಲೆಗಳನ್ನು ಬೆರೆಸಬೇಕು. ಕಾಪಿಕ್‌ನಲ್ಲಿ 358 ಬಣ್ಣಗಳಿವೆ. ಹೊಸಬರಿಗೆ ಹಸಿರು, ಕೆಂಪು, ಹಳದಿ, ಮೈಬಣ್ಣಗಳಲ್ಲಿ ಮೂರು ಮೂರು ಸಾಕು. ಈ ಮಾರ್ಕರು ಹುಟ್ಟಿದ್ದೇ ನೆರಳಚ್ಚು ಪ್ರತಿಯ ಟೋನರನ್ನು ಕರಗಿಸದ ಬಣ್ಣ ಬೇಕೆಂಬ ವಿನ್ಯಾಸಕಾರರ ಅಗತ್ಯದಿಂದ. ಹಾಗಾಗಿ ಅಚ್ಚು ಇಲ್ಲದವರು ಲೇಸರ್ ಪ್ರಿಂಟರಿನಲ್ಲಿ ಗೆರೆ ತೆಗೆಸಿಕೊಂಡು ಅದರ ಮೇಲೇ ತುಂಬಬಹುದು. ಬಣ್ಣ ಹಾಳೆಯ ಬೆನ್ನಿಗೂ ಇಳಿಯುವುದರಿಂದ ಕಾರ್ಡಿನ ಮೈಯ ಮೇಲೆ ನೇರವಾಗಿ ಮಾಡದೆ, ಬೇರೆ ತುಂಡಿನ ಮೇಲೆ ಮಾಡಿ ಅಂಟಿಸುವುದು ರೂಢಿ.

ಜಲವರ್ಣಕ್ಕೆ 300 ಜಿಎಸ್‌ಎಂ ಹತ್ತಿಯ ಹಾಳೆ, ಒಂದು ಚೂಪು ಕುಂಚ, ಎರಡು ಲೋಟ ನೀರು. ದಳದ ಒಂದು ತುದಿಗೆ ಬಣ್ಣ ಇಟ್ಟು, ತೊಳೆದ ಒದ್ದೆ ಕುಂಚದಿಂದ ಅದನ್ನು ಇನ್ನೊಂದು ತುದಿಗೆ ಎಳೆದರೆ ಛಾಯೆ ತಾನಾಗಿ ಇಳಿಯುತ್ತದೆ. ಪಕ್ಕದ ದಳ ಒಣಗುವ ಮೊದಲು ತಾಗಿದರೆ ಬಣ್ಣ ಸೇರಿಹೋಗುತ್ತದೆ. ಆದ್ದರಿಂದ ಒಂದು ಬಿಟ್ಟು ಒಂದು ದಳ ತುಂಬಬೇಕು. ತಿಳಿ ಬೂದು ಶಾಯಿಯಲ್ಲಿ ಅಚ್ಚೊತ್ತಿ ಗೆರೆಯೇ ಕಾಣದಂತೆ ಬಣ್ಣದಿಂದ ಮುಚ್ಚುವ ಪದ್ಧತಿ ಕೈಯಾರೆ ಬಿಡಿಸಿದ ಚಿತ್ರಕ್ಕೆ ಬಹಳ ಹತ್ತಿರ ಬರುತ್ತದೆ. ಇದನ್ನು ಸಾಧಿಸಲು ತಾಳ್ಮೆ ಬೇಕು.

ಬಣ್ಣದ ಪೆನ್ಸಿಲನ್ನು ಕೀಳು ಎಣಿಸುವುದು ಸರಿಯಲ್ಲ. ಹಗುರ ಒತ್ತಿನಲ್ಲಿ ಹಲವು ಪದರ ಕಟ್ಟಿ, ಕಾಗದದ ಸುರುಳಿಯನ್ನು ವಾಸನೆಯಿಲ್ಲದ ಮಿನರಲ್ ಸ್ಪಿರಿಟಿನ ಒಂದು ಹನಿಯಲ್ಲಿ ಅದ್ದಿ ತಿಕ್ಕಿದರೆ ಮೇಣ ಕರಗಿ ಬಣ್ಣ ಕೂಡಿಕೊಳ್ಳುತ್ತದೆ. ಕಡಿಮೆ ಖರ್ಚಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿತ ಕೊಡುವ ಸಾಧನ ಇದೇ.

ಹಿನ್ನೆಲೆಗೆ ಶಾಯಿಯನ್ನು ಮೃದು ಕುಂಚದಿಂದ ಸುತ್ತು ಸುತ್ತಾಗಿ ಹಾಳೆಗೆ ತಿಕ್ಕಿ, ತಿಳಿಯಿಂದ ಗಾಢಕ್ಕೆ ಇಳಿಸುವುದು ಈಗಿನ ಬಳಕೆ. ಬೇಡದ ಭಾಗವನ್ನು ಕತ್ತರಿಸಿದ ಹಾಳೆಯಿಂದಲೋ ದ್ರವದಿಂದಲೋ ಮುಚ್ಚಿಡುತ್ತಾರೆ. ಈ ಮರೆಯ ತಂತ್ರವನ್ನು ಕಲೆಯ ಎತ್ತರಕ್ಕೆ ಒಯ್ದವರು ನಮ್ಮ ಬಿಜಾಪುರದವರು. ಆದಿಲ್ ಶಾಹಿಗಳ ಕಾಲದಲ್ಲಿ, 17ನೇ ಶತಮಾನದಲ್ಲಿ, ನೀರಿನ ಮೇಲೆ ತೇಲಿಬಿಟ್ಟ ಬಣ್ಣದ ಸುಳಿಗಳನ್ನು ಹಾಳೆಗೆ ಎತ್ತಿಕೊಳ್ಳುವ ಅಬ್ರಿ ವಿದ್ಯೆಯನ್ನು ಬಳಸಿ, ಕೊರೆದ ಹಾಳೆಯ ಮರೆಯಿಂದ ಆಕೃತಿಯನ್ನು ಬೇರೆಮಾಡಿ ಅವರು ಚಿತ್ರಗಳನ್ನೇ ಕಟ್ಟಿದರು. ಎಲುಬು ಹಂದರದಂತಾದ ಕುದುರೆಯ ಮೈಯಲ್ಲಿ ಸುಳಿಬಣ್ಣ, ಹೊರಗೆ ಖಾಲಿ ಹಾಳೆ. ಇಂಥ ಚಿತ್ರಗಳು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದವರೆಗೂ ಹೋಗಿವೆ. ಕನ್ನಡದ ಕಾರ್ಡುಗಾರರು ಪರಂಪರೆ ಹುಡುಕುವುದಾದರೆ ಅಲ್ಲಿಂದ ಶುರುಮಾಡಬೇಕು.

ಜೋಡಣೆ ಮತ್ತು ಅಂಚೆ

ಪದರಗಳನ್ನು ಫೋಮ್ ಟೇಪಿನಿಂದ ಎತ್ತರಿಸಿದರೆ ನೆರಳು ಬಿದ್ದು ಆಕಾರ ಎದ್ದು ಕಾಣುತ್ತದೆ. ಚಪ್ಪಟೆ ಅಂಟಿಗೆ ತೆಳುಮೂತಿಯ ಬಾಟಲಿಯ ಬಿಳಿ ಅಂಟು ಒಳ್ಳೆಯದು, ಸೊಟ್ಟಗಾದರೆ ಸರಿಸಲು ಕ್ಷಣಕಾಲ ಅವಕಾಶ ಸಿಗುತ್ತದೆ. ದೆಹಲಿಯ ಮೇ ತಿಂಗಳ ಸೆಕೆಯಲ್ಲಿ ಅಗ್ಗದ ಎರಡು ಬದಿಯ ಟೇಪು ಬಿಟ್ಟುಕೊಳ್ಳುತ್ತದೆ.

ಅಂಚೆಯಲ್ಲಿ ಹೋಗುವ ಕಾರ್ಡಿಗೆ ತೂಕದ ಲೆಕ್ಕ ಇರಲಿ. ಸಾಧಾರಣ ಕಾಗದದ ದರದ ಮೊದಲ ಹಂತ 20 ಗ್ರಾಂ. 300 ಜಿಎಸ್‌ಎಂನ ಎ5 ಹಾಳೆ 9.3 ಗ್ರಾಂ ತೂಗುತ್ತದೆ, 100 ಜಿಎಸ್‌ಎಂನ ಲಕೋಟೆ ನಾಲ್ಕೈದು ಗ್ರಾಂ. ಅಲಂಕಾರಕ್ಕೆ ಉಳಿಯುವುದು ಆರು ಗ್ರಾಂ ಮಾತ್ರ. ಗುಂಡಿ, ಮಣಿ, ನಾಲ್ಕು ಪದರ ಫೋಮ್ ಹಾಕಿದರೆ ಹಂತ ದಾಟುತ್ತದೆ, ಮೊಹರು ಹೊಡೆಯುವಾಗ ಜಜ್ಜಿಯೂ ಹೋಗುತ್ತದೆ. ಅಂಥದನ್ನು ರಟ್ಟಿನ ನಡುವೆ ಇಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯೂ ಅದರಲ್ಲೇ ವಿಲೀನವಾಯಿತು. ರಾಖಿ ಹಬ್ಬದ ಹೊತ್ತಿಗೆ ಅಂಚೆ ಕಚೇರಿಗಳಲ್ಲಿ ಸಿಗುವ ನೀರು ತಾಗದ ರಾಖಿ ಲಕೋಟೆಗಳು ಮಳೆಗಾಲದ ಕಾರ್ಡುಗಳಿಗೂ ಒದಗುತ್ತವೆ.

ಕನ್ನಡದ ಅಚ್ಚು

ಅಂಗಡಿಯಲ್ಲಿ ಸಿಗುವ ಶುಭಾಶಯದ ಅಚ್ಚುಗಳಲ್ಲಿ ಬಹುಪಾಲು ಇಂಗ್ಲಿಷಿನವು, ಅಲ್ಲೊಂದು ಇಲ್ಲೊಂದು ಹಿಂದಿಯವು. ಯುಗಾದಿಗೆ, ಸಂಕ್ರಾಂತಿಗೆ, ನವೆಂಬರ್ 1ಕ್ಕೆ ಕನ್ನಡದಲ್ಲಿ ಹಾರೈಸಬೇಕೆನ್ನುವ ದೆಹಲಿಯ ಕನ್ನಡಿಗರು ಸೀಲು ಮಾಡಿಕೊಡುವ ಅಂಗಡಿಯನ್ನೇ ಹಿಡಿಯಬೇಕು. ಕಚೇರಿಯ ಮೊಹರು ಮಾಡುವ ಅದೇ ಪಾಲಿಮರಿನಲ್ಲಿ ಒಂದು ಸಾಲಿನ ಕನ್ನಡ ಅಚ್ಚು ಸುಲಭವಾಗಿ ಆಗುತ್ತದೆ. ಎಚ್ಚರ ಬೇಕಾದದ್ದು ಅಕ್ಷರದಲ್ಲಿ. ಉತ್ತರದ ಅಂಗಡಿಗಳ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟು ಇಲ್ಲದೆ ಒತ್ತಕ್ಷರಗಳು ಚೆದುರುವುದುಂಟು. ಆದ್ದರಿಂದ ಸಾಲನ್ನು ಮನೆಯಲ್ಲೇ ಸರಿಯಾಗಿ ಜೋಡಿಸಿ, ಚಿತ್ರವಾಗಿ ಮಾರ್ಪಡಿಸಿ ಕೊಡಬೇಕು. ನಮ್ಮ ಅಕ್ಷರಗಳ ಒಳಸುಳಿಗಳು ಚಿಕ್ಕದಾದರೆ ಶಾಯಿ ತುಂಬಿ ಮುಚ್ಚಿಹೋಗುತ್ತವೆ. ಒಂದು ಸೆಂಟಿಮೀಟರ್ ಎತ್ತರ ಇಟ್ಟುಕೊಂಡರೆ ಕ್ಷೇಮ.

ಡೈಯಲ್ಲಿ ಕನ್ನಡ ಇನ್ನೂ ಕಷ್ಟ. ದೇವನಾಗರಿಯ ತಲೆಗೆರೆ ಇಡೀ ಪದವನ್ನು ಒಂದಾಗಿ ಹಿಡಿದಿಡುತ್ತದೆ, ಕತ್ತರಿಸಿದರೆ ಪದ ಇಡಿಯಾಗಿ ಬರುತ್ತದೆ. ಕನ್ನಡದ ತಲೆಕಟ್ಟು ಪ್ರತಿ ಅಕ್ಷರಕ್ಕೂ ಬೇರೆ, ಒತ್ತು ಕೆಳಗೆ ಬಿಡಿಯಾಗಿ ನಿಲ್ಲುತ್ತದೆ, ಸೊನ್ನೆ ಪಕ್ಕದಲ್ಲಿ ಒಂಟಿ. ಕತ್ತರಿಸಿದ ಕೂಡಲೇ ಪದ ಚೂರಾಗಿ ಉದುರುತ್ತದೆ. ಪರಿಹಾರ ಎರಡು: ಅಕ್ಷರಗಳು ಒಂದನ್ನೊಂದು ತಾಗುವಂತೆ ದಪ್ಪವಾಗಿ ಬರೆದು ಕೊರೆಯುವುದು, ಇಲ್ಲವೇ ಪದದ ಸುತ್ತುಗೆರೆಯ ಆಕಾರದಲ್ಲಿ ಅಡಿಹಾಳೆ ಮಾಡಿ ಬಿಡಿ ಅಕ್ಷರಗಳನ್ನು ಅದರ ಮೇಲೆ ಅಂಟಿಸುವುದು.

ಈ ಕೊರತೆ ನೀಗಲು ಬೇಕಾದದ್ದೆಲ್ಲ ಇದೆ. ಇಟ್ಸಿ ಬಿಟ್ಸಿ ಎಂಬ ಕರಕುಶಲ ಸಾಮಗ್ರಿಯ ದೊಡ್ಡ ಮಳಿಗೆ ಸಾಲು ಬೆಂಗಳೂರಿನದು. ಹುಬ್ಬಳ್ಳಿಯಲ್ಲಿ ಕಾಗದವಿದೆ, ಕನ್ನಡದ ಅಕ್ಷರ ವಿನ್ಯಾಸಕಾರರಿದ್ದಾರೆ, ದೆಹಲಿಯಿಂದ ವಿದೇಶದವರೆಗೆ ಕೊಳ್ಳುವ ಮನೆಗಳಿವೆ. ಬೇವುಬೆಲ್ಲ, ಕಬ್ಬಿನ ಜಲ್ಲೆ, ಗಂಡಭೇರುಂಡ, ಮಾವಿನ ತೋರಣಗಳ ಚಿತ್ರದೊಡನೆ ಹತ್ತಾರು ಕನ್ನಡ ಹಾರೈಕೆಗಳ ಅಚ್ಚು ಮತ್ತು ಡೈಗಳನ್ನು ಯಾರಾದರೂ ಪೇಟೆಗೆ ತರಬೇಕು. ಅಲ್ಲಿಯವರೆಗೆ ಸೀಲಿನ ಅಂಗಡಿಗೆ ಹೋಗಿ ಒಂದು ಸಾಲು ಮಾಡಿಸಿಕೊಳ್ಳಿ, ಬರುವ ಯುಗಾದಿಗೆ ಆ ಸಾಲಿನಿಂದಲೇ ಕಾರ್ಡು ಮಾಡಿ ಊರಿಗೆ ಕಳಿಸಿ.